ಹಿಮ್ಮಡಿಗೆ ಹಚ್ಚಿದ ವಿಭೂತಿ

ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯಲ್ಲಿ ಎದ್ದ ಹುಣ್ಣು ಎಷ್ಟು ದಿನವಾದರೂ ಮಾಯದಿದ್ದಾಗ, ಶಿವಮೊಗ್ಗದ ಡಾಕ್ಟರು ಅದರ ಮೇಲೆ ತೆಳುವಾದ ಬಿಳಿ ಹಾಳೆಯೊಂದನ್ನು ಇಟ್ಟು ಹೊಲಿದರು. ಹಂದಿಯ ಕರುಳಿನ ಪೊರೆಯಿಂದ ಮಾಡಿದ್ದು. ಸಹಿ ಹಾಕಿಸುವ ಮೊದಲೇ ಹೇಳಿದ್ದರಂತೆ. ಕಾಲು ಉಳಿದರೆ ಸಾಕೆಂಬ ಅವಸರದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಹೊನ್ನಾಳಿಗೆ ಬಂದ ಮೇಲೆ ಸೊಸೆ ತಿಳಿಸಿದಳು.

ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಸೊಸೆಯ ತವರು ಸೂಳೆಕೆರೆಯ ದಂಡೆಯಲ್ಲಿ, ಮೀನು ತಿನ್ನುವವರು. ಮಗ ಮೆಚ್ಚಿ ತಂದ ಹುಡುಗಿ. ತವರಿಗೆ ಹೋಗಿ ಬಂದರೆ ಸ್ನಾನ ಮಾಡಿಯೇ ಅಡಿಗೆಮನೆಗೆ ಕಾಲಿಡಬೇಕು ಎಂದು ನಾನು ಕಟ್ಟಳೆ ಮಾಡಿದ್ದೆ. ಒಂಬತ್ತು ವರ್ಷ ಅವಳು ತುಟಿ ಬಿಚ್ಚದೆ ಪಾಲಿಸಿದ್ದಳು. ಅಂದು ಬಿಚ್ಚಿದಳು.

"ಮಾವಾರೆ, ಈಗ ಹಂದಿ ನಿಮ್ಮ ಕಾಲಾಗೇ ಐತೆ. ಅಡಿಗೆಮನೆಗೆ ಬರಾಕೆ ನೀವೂ ಸ್ನಾನ ಮಾಡ್ರಿ. ಅಯ್ಯೋ, ಕಾಲು ನೆನೀಬಾರ್ದಲ್ಲ, ಹೆಂಗ್ ಮಾಡ್ತೀರಿ?"

ನನಗೆ ನಗು ಬರಲಿಲ್ಲ. ಮೂರನೇ ದಿನ ಹಿಮ್ಮಡಿ ಕೆಂಪಾಗಿ ಊದಿ ಬಿಸಿಯಾಯಿತು. ಸ್ವಲ್ಪ ದಿನ ಹೀಗಿರುತ್ತದೆಂದು ಡಾಕ್ಟರು ಹೇಳಿದ್ದರು. ನಾನು ಮಾತ್ರ, ಮೈ ಆ ಮೈಲಿಗೆಯನ್ನು ಹೊರದೂಡುತ್ತಿದೆ, ನನ್ನ ಮೈಗೆ ನನಗಿಂತ ಮಡಿ ಹೆಚ್ಚು ಎಂದು ಹೆಮ್ಮೆಪಟ್ಟೆ. ದಿನಾ ಪೂಜೆ ಮುಗಿಸಿ, ಸೊಸೆ ಬಟ್ಟೆ ಒಣಹಾಕಲು ಹೋದಾಗ ಕಟ್ಟು ಸಡಿಲಿಸಿ, ಒಂದು ಚಿಟಿಕೆ ವಿಭೂತಿ ಹಚ್ಚಿ, ಮತ್ತೆ ಮೊದಲಿನಂತೆ ಕಟ್ಟುತ್ತಿದ್ದೆ.

ವಾರ ಕಳೆಯುವುದರೊಳಗೆ ಕೀವಾಯಿತು. ಸೊಸೆ ನನ್ನನ್ನು ಮತ್ತೆ ಶಿವಮೊಗ್ಗಕ್ಕೆ ಕರೆದೊಯ್ದಳು.

"ಕಟ್ಟು ಬದಲಾಯಿಸೋದು ಯಾರು?" ಡಾಕ್ಟರು ಕೇಳಿದರು.

"ನಾನೇ ಸರ್," ಅಂದಳು ಸೊಸೆ.

"ಕೈ ತೊಳ್ಕೊಳ್ತೀರೇನಮ್ಮ? ಹೀಗೇ ಆದ್ರೆ ಪಾದ ತೆಗೀಬೇಕಾಗುತ್ತೆ."

ಅವಳು ತಲೆ ತಗ್ಗಿಸಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತಿದೆ ಎಂದು ಹುಡುಕುತ್ತಾ ಕೂತೆ. ನಾನು ಮಾಡಿದ ಪಾಪ ಇದು. ವಿಭೂತಿ ಹಚ್ಚಿದ್ದು ದಡ್ಡತನ, ಅಷ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಅವಳು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. "ಸೋಪು ಹಾಕಿ ತೊಳೀತಿದ್ದೆ. ಉಗುರು ಸುದ್ದ ಕತ್ತರಿಸಿದ್ದೆ. ನನ್ನ ಕೈಯಾಗೇ ಏನೋ ಐತೆ ಮಾವಾರೆ. ನಾಳೆಯಿಂದ ಬ್ಯಾರೆಯವರ ಹತ್ರ ಕಟ್ಟಿಸ್ಕಳ್ರಿ."

ಒಂಬತ್ತು ವರ್ಷ ನಾನು ಅವಳಿಗೆ ಕಲಿಸಿದ ಪಾಠವೇ ಅದು. ಸವಳಂಗ ಬರುವಷ್ಟರಲ್ಲಿ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಎದ್ದುನಿಂತಳು.

"ಕಂಡಕ್ಟರ್ರೆ, ನಿಲ್ಲಿಸ್ರಿ! ನಮ್ಮ ಮಾವಾರು ಆಸ್ಪತ್ರೆಯಾಗೆ ಒಂದು ಬಿಟ್ಟು ಬಂದಾರೆ."

"ಏನಮ್ಮ, ಚೀಲಾನಾ?"

"ಬಾಯಿ."

ಇಡೀ ಬಸ್ಸು ನಕ್ಕಿತು. ಎದುರಿನ ಬಸ್ಸು ಹಿಡಿದು ಮತ್ತೆ ಡಾಕ್ಟರ ಮುಂದೆ ಕೂತೆವು. ನಾನು ಒಪ್ಪಿಕೊಂಡೆ. ಅವರು ಹಣೆ ಒತ್ತಿಕೊಂಡರು.

"ಅಜ್ಜ, ಆ ಹಾಳೆಯಿಂದ ಹಂದಿಯ ಜೀವಕೋಶಗಳನ್ನೆಲ್ಲ ತೊಳೆದು ತೆಗೆದಿರ್ತಾರೆ. ಉಳಿಯೋದು ಬರೀ ಚಪ್ಪರ. ಸರಿಯಾಗಿ ತೊಳೀದೇ ಇದ್ರೆ ಮೈಯ ಕಾವಲಿನವರು ಜಗಳ ಬಿಡಲ್ಲ. ತೊಳೆದಿದ್ರೆ ಮೊದಲು ಗದ್ದಲ ಮಾಡ್ತಾರೆ, ಅದೇ ಆ ಊತ. ಆಮೇಲೆ ಅವರೇ ರಿಪೇರಿಗೆ ನಿಂತು, ಚಪ್ಪರ ಕರಗಿಸ್ತಾ ಅಲ್ಲಿ ನಿಮ್ಮದೇ ಮಾಂಸ ಬೆಳೆಯೋ ಹಾಗೆ ಮಾಡ್ತಾರೆ. ನಿಮ್ಮ ಮೈ ಹಂದಿ ಜೊತೆ ರಾಜಿಯಾಗೋದ್ರಲ್ಲಿತ್ತು. ಜಗಳ ಹತ್ತಿದ್ದು ನಿಮ್ಮ ವಿಭೂತಿ ಜೊತೆ."

ಆಮೇಲೆ ಸೊಸೆಯ ಕಡೆ ತಿರುಗಿ, "ತಪ್ಪಾಯ್ತಮ್ಮ," ಅಂದರು. ಅದನ್ನು ಮೊದಲು ಹೇಳಬೇಕಾದವನು ನಾನು. ಅವರ ನಂತರ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಣ್ಣು ಶುಚಿಮಾಡಿ, ಕೀವು ನಿಂತ ಮೇಲೆ ಹೊಸ ಹಾಳೆ ಇಟ್ಟರು. ಮತ್ತೆ ಊದಿತು. ಈ ಸಲ ನಾನು ಊತಕ್ಕೆ ಕೈಮುಗಿದು ಸುಮ್ಮನಿದ್ದೆ. ಊತ ಇಳಿಯಿತು, ಅಂಚಿನಿಂದ ಗುಲಾಬಿ ಚರ್ಮ ಹಬ್ಬುತ್ತಾ ಬಂತು. ಪಾದ ಉಳಿಯಿತು.

ಕಟ್ಟು ಬದಲಾಯಿಸುವವಳು ಈಗಲೂ ಸೊಸೆಯೇ. ಜಗುಲಿಯಲ್ಲಿ ಕೂರಿಸಿ, ನನ್ನ ಎರಡೂ ಕೈಗಳನ್ನು ತಲೆಯ ಮೇಲೆ ಇಡಿಸುತ್ತಾಳೆ. ದಾರಿಹೋಕರು ನಿಂತು ನೋಡುತ್ತಾರೆ. ತೋಳು ಸೋತು ಸ್ವಲ್ಪ ಜಾರಿದರೆ, "ಮ್ಯಾಲೆ, ಮ್ಯಾಲೆ," ಅನ್ನುತ್ತಾಳೆ. ಎತ್ತುತ್ತೇನೆ.