ಚಿಲಕಕ್ಕೆ ಹಾಕಿದ ಸೊನ್ನೆ

೨೦೦೪ರಲ್ಲಿ ನಾನು ವಿಶಾಖಪಟ್ಟಣದ ಆಸ್ಪತ್ರೆಯೊಂದಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಸೇರಿ ಮೂರು ತಿಂಗಳಾಗಿತ್ತು. ತಿಂಗಳಿಗೊಮ್ಮೆ ವಿಜಯವಾಡದ ಒನ್ ಟೌನ್‌ನಲ್ಲಿದ್ದ ಕ್ಲಿನಿಕ್ಕಿಗೆ ಹೋಗಿ ಮಕ್ಕಳ ಐಕ್ಯೂ ಪರೀಕ್ಷೆ ಮಾಡಬೇಕಿತ್ತು.

ಆ ಸಲ ಬಂದವಳು ಎಂಟು ವರ್ಷದ ಸಿಂಧು. ಅಪ್ಪ ತುಮಕೂರು ಕಡೆಯ ಬ್ಯಾಂಕ್ ಅಧಿಕಾರಿ. ಮಗಳು ಬೆಳೆದದ್ದೆಲ್ಲ ಆಂಧ್ರದಲ್ಲೇ. ಮೂರನೇ ತರಗತಿಯಲ್ಲಿ ಹಿಂದೆ ಬಿದ್ದಿದ್ದಾಳೆಂದು ಶಾಲೆಯವರು ವರದಿ ಕೇಳಿದ್ದರು. ಐಕ್ಯೂ ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಬುದ್ಧಿಮಾಂದ್ಯರ ಶಾಲೆಗೆ ಸೇರಿಸಿ ಎಂದು ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಮನೇಲಿ ಕನ್ನಡಾನೇ ಮೇಡಂ, ಕನ್ನಡದಲ್ಲೇ ಕೇಳಿ," ಎಂದರು ಅಪ್ಪ. ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದ ಖುಷಿಯಲ್ಲಿ ನಾನೂ ಹಿಂದುಮುಂದು ನೋಡಲಿಲ್ಲ. ಪದಗಳ ಅರ್ಥ ಕೇಳುವ ಭಾಗದಲ್ಲಿ, ಚಿಲಕ ಅಂದರೇನು ಎಂದೆ.

"ಹಸಿರಾಗಿರತ್ತೆ. ಹಣ್ಣು ತಿನ್ನತ್ತೆ."

ಅಯ್ಯೋ ಪಾಪ ಅನ್ನಿಸಿತು. ಮಗು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುವುದು ನಮ್ಮ ನಿಯಮ. ಬರೆದುಕೊಂಡು ಸೊನ್ನೆ ಹಾಕಿದೆ. ಒಟ್ಟು ಬಂದದ್ದು ಅರವತ್ತಾರು. ವರದಿಗೆ ಸಹಿ ಮಾಡಿ ಕೊಟ್ಟು ರೈಲು ಹತ್ತಿದೆ.

ಎರಡು ದಿನದ ಮೇಲೆ ಊಟಕ್ಕೆ ಕೂತಾಗ ಸಹೋದ್ಯೋಗಿ ಪದ್ಮಜಾಗೆ ಈ ಉತ್ತರ ಹೇಳಿದೆ. ಅವರು ನಗಲಿಲ್ಲ. ತೆಲುಗಿನಲ್ಲಿ ಚಿಲಕ ಎಂದರೆ ಗಿಳಿ ಎಂದರು. ಊಟ ಬಿಟ್ಟು ಎದ್ದೆ. ಉತ್ತರಗಳನ್ನೆಲ್ಲ ಮತ್ತೆ ನೋಡಿದರೆ, ನನ್ನ ಕನ್ನಡವನ್ನು ಆ ಮಗು ತೆಲುಗಿನಲ್ಲಿ ತಡಕಾಡಿ ಅರ್ಥಮಾಡಿಕೊಂಡದ್ದು ಸಾಲುಸಾಲಿಗೂ ಕಾಣುತ್ತಿತ್ತು.

ನಾಚಿಕೆಯಾಯಿತು, ನನ್ನ ಮೇಲೇ ಸಿಟ್ಟು ಬಂತು. ಮುಂದಿನ ತಿಂಗಳವರೆಗೆ ಕಾಯುವ ಮಾತೇ ಇರಲಿಲ್ಲ. ಮರುದಿನವೇ ಪದ್ಮಜಾರನ್ನು ಹೊರಡಿಸಿಕೊಂಡು ವಿಜಯವಾಡಕ್ಕೆ ಹೋದೆ. ಅದೇ ಪ್ರಶ್ನೆಗಳನ್ನು ಇಷ್ಟು ಬೇಗ ಕೇಳುವಂತಿಲ್ಲ, ಅಭ್ಯಾಸದಿಂದ ಅಂಕ ಏರುತ್ತದೆ. ಹಾಗಾಗಿ ವಿನ್ಯಾಸದಲ್ಲಿ ಬಿಟ್ಟುಹೋದ ತುಂಡನ್ನು ಗುರುತಿಸುವ, ಮಾತೇ ಬೇಡದ ಬೇರೊಂದು ಪರೀಕ್ಷೆಯನ್ನು ಪದ್ಮಜಾ ತೆಲುಗಿನಲ್ಲಿ ವಿವರಿಸಿ ಮಾಡಿಸಿದರು. ಮೊದಲ ಸಲ ತಲೆಯೆತ್ತದ ಹುಡುಗಿ ಈಗ ಪಟಪಟನೆ ಬೆರಳಿಟ್ಟು ತೋರಿಸಿದಳು. ವಯಸ್ಸಿಗೆ ತಕ್ಕ ಬುದ್ಧಿ ಇತ್ತು. ಓದಿನ ತೊಡಕಿಗೆ ಕಾರಣ ಬೇರೆ, ಅದನ್ನು ಬೇರೆಯಾಗಿಯೇ ಪತ್ತೆಮಾಡಬೇಕಿತ್ತು.

ಶಾಲೆಯಲ್ಲಿ ಆಗಲೇ ಟಿ.ಸಿ. ಬರೆದಿಟ್ಟಿದ್ದರು. ಮುಖ್ಯೋಪಾಧ್ಯಾಯಿನಿ ನನ್ನ ವರದಿಯನ್ನೇ ಮುಂದೆ ಚಾಚಿ, "ಸಂತಕಂ ಮೀದೇ ಕದಂಡಿ?" ಎಂದರು.

"ಸಹಿ ನನ್ನದೇ ಮೇಡಂ. ತಪ್ಪೂ ನನ್ನದೇ. ಇದನ್ನು ವಾಪಸ್ ತಗೊಳ್ಳದೆ ನಾನು ಇಲ್ಲಿಂದ ಏಳಲ್ಲ."

ಒಂದು ಗಂಟೆ ವಾದವಾಯಿತು. ತಪ್ಪೊಪ್ಪಿಗೆಯನ್ನು ಬರೆದುಕೊಡಿ ಎಂದರು; ಅಲ್ಲೇ ಬರೆದುಕೊಟ್ಟೆ. ಟಿ.ಸಿ.ಯನ್ನು ಅವರೇ ಹರಿದುಹಾಕಿದರು.

ಅಂದಿನಿಂದ ಯಾವ ಮಗು ಬಂದರೂ ಪರೀಕ್ಷೆಯ ಪೆಟ್ಟಿಗೆ ತೆರೆಯುವ ಮೊದಲು, ಇದು ಗೆಳೆಯರ ಜೊತೆ ಯಾವ ಭಾಷೆಯಲ್ಲಿ ಜಗಳವಾಡುತ್ತದೆ ಎಂದು ತಾಯಿಯನ್ನು ಕೇಳುತ್ತೇನೆ. ಅಷ್ಟೂ ಕೇಳದೆ ಅಳೆದರೆ, ನಮ್ಮ ಅಜ್ಞಾನವನ್ನು ಮಗುವಿನ ಹೆಸರಿಗೆ ಬರೆದು ಸಹಿ ಹಾಕಿದಂತಾಗುತ್ತದೆ.