ಬಿದ್ದ ಯಂತ್ರದ ಕೊನೆಯ ಚೀಟಿಗಳು

ಬಾಗಿಲ ಮೇಲೆ ಮೂರು ಪೆಟ್ಟು. ಗಡಿಯಾರದಲ್ಲಿ ನಾಲ್ಕೂಕಾಲು. ತೆರೆದರೆ ಎರಡು ಅಂತಸ್ತು ಮೇಲಿನ ಮನೆಯ ಗಂಡಸು. ಒಂದು ಕಾಲಿಗೆ ತಮ್ಮ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ನೀಲಿ ಚಪ್ಪಲಿ, ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ.

"ಹೆಸರು ನಂದೇ, ಗಂಟಕ್ಕ. ಇಲ್ಲ ಅನ್ನಲ್ಲ. ಆದ್ರೆ ಆ ಹೊತ್ತಲ್ಲಿ ನಾನು ಅಲ್ಲಿರಲಿಲ್ಲ."

ಅಷ್ಟು ಹೇಳಿ ಕಾಗದವನ್ನು ಕೈಗಿತ್ತು, ಬಂದ ಹಾಗೆಯೇ ಮೆಟ್ಟಿಲೇರಿ ಹೋಗುತ್ತಾರೆ. ಐವತ್ತರ ಅಂಚಿನಲ್ಲಿರುವ ಗಂಟಕ್ಕ ಬಾಗಿಲು ಮುಚ್ಚುತ್ತಾರೆ. ಅಡುಗೆಮನೆಯ ದೀಪ ಹಾಕುತ್ತಾರೆ, ಮೇಜಿನ ಮೇಲಿನ ಲೋಟಗಳನ್ನು ಸರಿಸುತ್ತಾರೆ, ಲ್ಯಾಪ್‌ಟಾಪ್ ತೆರೆಯುತ್ತಾರೆ. ಅವರ ದಿನ ಶುರುವಾಗುವುದು ಐದಕ್ಕೆ. ಇಂದು ಮುಕ್ಕಾಲು ಗಂಟೆ ಮುಂಚೆ, ಅಷ್ಟೇ ವ್ಯತ್ಯಾಸ.

ಗಂಟಕ್ಕ ಮಾಡುವುದು ಸತ್ತ ಯಂತ್ರಗಳ ಮರಣೋತ್ತರ ಪರೀಕ್ಷೆ. ಕಂಪ್ಯೂಟರಿನ ಒಡಲಲ್ಲಿ ಉಳಿದೆಲ್ಲ ತಂತ್ರಾಂಶಗಳನ್ನು ಅಂಕೆಯಲ್ಲಿಡುವ ಮೂಲ ತಂತ್ರಾಂಶವೊಂದಿದೆ. ಅದನ್ನು ಕರ್ನಲ್ ಎನ್ನುತ್ತಾರೆ. ಅದು ಮುಗ್ಗರಿಸಿದರೆ ಇಡೀ ಯಂತ್ರ ನೆಲಕಚ್ಚುತ್ತದೆ. ಉಸಿರು ನಿಲ್ಲುವ ಮುನ್ನ ತನ್ನ ನೆನಪನ್ನೆಲ್ಲ ಒಂದು ಕಡತಕ್ಕೆ ಸುರಿದುಬಿಡುತ್ತದೆ. ಆ ಕಡತವೇ ಡಂಪ್. ಅದನ್ನು ತೆರೆದು, ಕೊನೆಯ ಗಳಿಗೆಯಲ್ಲಿ ಯಾರು ಯಾರನ್ನು ಕರೆದರು, ಯಾರ ಕೈಯಲ್ಲಿದ್ದಾಗ ಯಂತ್ರ ಬಿತ್ತು ಎಂಬ ಪಟ್ಟಿ ತೆಗೆದುಕೊಡುವ ಸಾಧನಕ್ಕೆ ಡೀಬಗರ್ ಎಂದು ಹೆಸರು. ಹತ್ತೊಂಬತ್ತು ವರ್ಷಗಳಿಂದ ಆ ಸಾಧನವನ್ನು ನೋಡಿಕೊಳ್ಳುತ್ತಿರುವವರು ಗಂಟಕ್ಕ.

"ಒಂದು ಆಫೀಸು ಅಂದ್ಕೊಳ್ಳಿ," ಎನ್ನುತ್ತಾರೆ ಅವರು. "ಒಬ್ಬ ಕೆಲಸ ಮಾಡ್ತಾ ಮಾಡ್ತಾ ಇನ್ನೊಬ್ಬನ್ನ ಕರೀತಾನೆ. ಕರೆಯೋ ಮುಂಚೆ ಒಂದು ಚೀಟಿ ಬರೆದಿಡ್ತಾನೆ, ಮುಗಿದ ಮೇಲೆ ಇಲ್ಲಿಗೇ ವಾಪಸ್ ಬಾ ಅಂತ. ಆ ಇನ್ನೊಬ್ಬ ಮತ್ತೊಬ್ಬನ್ನ ಕರೀತಾನೆ, ಅವನದೂ ಒಂದು ಚೀಟಿ. ಹೀಗೆ ಚೀಟಿ ಮೇಲೆ ಚೀಟಿ. ಯಂತ್ರ ಬಿದ್ದಾಗ ನಾನು ಮೇಲಿಂದ ಒಂದೊಂದೇ ಎತ್ತಿ ಓದ್ತೀನಿ. ಅಷ್ಟೇ ನನ್ನ ಕೆಲಸ."

ಅಷ್ಟೇ ಎಂಬುದು ಬಾಯಿಮಾತು. ಕೆಲಸ ಮುಗಿಸಿದವನು ತನ್ನ ಚೀಟಿಯನ್ನು ಹರಿದೆಸೆಯುವುದಿಲ್ಲ. ಅಲ್ಲೇ ಬಿಟ್ಟು ಹೋಗುತ್ತಾನೆ. ಮುಂದೆ ಬಂದವರು ಅದರ ಮೇಲೆಯೇ ತಮ್ಮ ಸಾಮಾನು ಹರಡುತ್ತಾರೆ. ಸಂದುಗೊಂದುಗಳಲ್ಲಿ ಹಳೆಯ ಚೀಟಿಗಳು ಇಣುಕುತ್ತಲೇ ಇರುತ್ತವೆ. ಈವರೆಗಿನ ವಿಧಾನ ಚೀಟಿಯಂತೆ ಕಂಡದ್ದನ್ನೆಲ್ಲ ಎತ್ತಿ ಪಟ್ಟಿಗೆ ಸೇರಿಸುತ್ತದೆ. ಕೆಲಸ ಮುಗಿಸಿ ಮನೆಗೆ ಹೋಗಿ ಮಲಗಿದವನೂ ಕಟಕಟೆಗೆ ಬಂದು ನಿಲ್ಲುತ್ತಾನೆ.

ಮೇಲಿನ ಮನೆಯವರ ಸಂಕಟ ಇದೇ. ಗಂಟಕ್ಕನ ಕಚೇರಿಯಲ್ಲೇ ಇರುವ ಅವರು, ಕಂಪ್ಯೂಟರನ್ನು ಜಾಲಕ್ಕೆ ಜೋಡಿಸುವ ಕಾರ್ಡುಗಳಿಗೆ ಡ್ರೈವರ್ ಎಂಬ ತಂತ್ರಾಂಶ ಬರೆಯುತ್ತಾರೆ. ಅದಕ್ಕೇ ಎಲ್ಲರ ಬಾಯಲ್ಲಿ ಅವರು ಡ್ರೈವರಣ್ಣ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವರ ಅತ್ತೆ, "ಅಳಿಯಂದಿರೇ, ಗಾಡಿ ಎಲ್ಲಿ ನಿಲ್ಲಿಸಿದ್ರಿ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಕಳೆದ ಮೂರು ವಾರಗಳಲ್ಲಿ ತುರ್ತು ಕರೆಗಳನ್ನು ಸ್ವೀಕರಿಸುವ ಕೇಂದ್ರವೊಂದರ ಯಂತ್ರಗಳು ಹನ್ನೊಂದು ಬಾರಿ ಬಿದ್ದಿವೆ. ಹನ್ನೊಂದು ಡಂಪ್‌ಗಳ ಪಟ್ಟಿಯಲ್ಲೂ ಡ್ರೈವರಣ್ಣ ಬರೆದ ಒಂದು ತುಣುಕಿನ ಹೆಸರಿದೆ. ಪಟ್ಟಿ ತೆಗೆದುಕೊಟ್ಟವರು ಗಂಟಕ್ಕ; ಆ ಮಡಚಿದ ಕಾಗದದಲ್ಲಿರುವುದು ಅದೇ. ಬೆಳಗ್ಗೆ ಹತ್ತಕ್ಕೆ ಸಭೆ; ಅಲ್ಲಿ ಬೇರೊಂದು ಹೆಸರು ಸಿಗದಿದ್ದರೆ ಇಪ್ಪತ್ತೆರಡು ವರ್ಷಗಳ ಕೆಲಸ ಬಿಟ್ಟು ಅವರು ಮನೆಗೆ ಹೋಗಬೇಕು.

ಗಂಟಕ್ಕ ಈ ದಾರಿಗೆ ಬಂದದ್ದು ಮುದ್ರಣಾಲಯದ ಹಿಂಬಾಗಿಲಿನಿಂದ. ಹಗಲು ಕಾಲೇಜು, ಸಂಜೆ ಕರಡು ತಿದ್ದುವ ಕೆಲಸ. ಹೀಗೆ ನಾಲ್ಕು ವರ್ಷ. ಕಿಟಕಿಯಿಲ್ಲದ ಕೋಣೆ, ತಲೆಯ ಮೇಲೆ ನೇತಾಡುವ ಒಂದೇ ಬಲ್ಬು, ಕೆಂಪು ಪೆನ್ಸಿಲು. ಮುದ್ರಣಾಲಯಕ್ಕೆ ಮೊದಲ ಕಂಪ್ಯೂಟರ್ ಬಂದು ಎರಡನೇ ದಿನವೇ ಕೆಟ್ಟು ನಿಂತಾಗ, ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವರು ಅವರೊಬ್ಬರೇ. ಅದರಲ್ಲಿ ಇಪ್ಪತ್ತಾರು ಅಚ್ಚಿನ ತಪ್ಪು ಹುಡುಕಿದರು, ಯಂತ್ರವೂ ಸರಿಹೋಯಿತು. ಕೆಂಪು ಪೆನ್ಸಿಲು ಹೋದರೂ ಕೈಯ ಚಾಳಿ ಹೋಗಿಲ್ಲ. "ಪುಟದಲ್ಲಿ ಬೇಡದ್ದೊಂದು ಚುಕ್ಕಿ ಕಂಡ್ರೂ ಕೈ ತುರಿಸುತ್ತೆ. ಮದುವೆ ಕರೆಯೋಲೆ ಬಂದ್ರೂ ಮೊದ್ಲು ತಿದ್ತೀನಿ, ಆಮೇಲೆ ಯಾರ ಮದುವೆ ಅಂತ ನೋಡ್ತೀನಿ."

ಗೋಜಲು ಬಿಡಿಸುವವರಾದ್ದರಿಂದ ಸಹೋದ್ಯೋಗಿಗಳು ಕೊಟ್ಟ ಹೆಸರು ಗಂಟಕ್ಕ. ಕಚೇರಿಯ ಯಂತ್ರಗಳಲ್ಲೂ ಅವರ ಗುರುತು ಅದೇ; ತಾವು ಮಾಡಿದ ಪ್ರತಿ ತಿದ್ದುಪಡಿಯ ಕೆಳಗೆ ಅದನ್ನೇ ಸಹಿಯಾಗಿ ಹಾಕುತ್ತಾರೆ. ಕನ್ನಡಕದ ಅಂಗಡಿ ನಡೆಸುವ ಅವರ ಗಂಡನ ವಾದವೇ ಬೇರೆ: "ಗಂಟು ಬಿಡಿಸ್ತಾಳೆ ಅಂತಲ್ಲ ಆ ಹೆಸರು, ಗಂಟುಮುಖ ಹಾಕ್ಕೊಂಡು ಕೂತಿರ್ತಾಳೆ ಅಂತ."

ದಿನಕ್ಕೆ ಆರೇಳು ಡಂಪ್ ಬರುತ್ತವೆ. ಒಂದೊಂದರಲ್ಲೂ ಕೋಟಿಗಟ್ಟಲೆ ಅಂಕಿ. ಅದರಲ್ಲಿ ಬೇಕಾದ ಚೀಟಿಗಳು ಹದಿನೈದೋ ಇಪ್ಪತ್ತೋ. ಈ ಸಾಧನವನ್ನು ನೆಚ್ಚಿಕೊಂಡವರು ಸಾವಿರಾರು ಮಂದಿ. ನೋಡಿಕೊಳ್ಳುವವರು ಗಂಟಕ್ಕನ ಲೆಕ್ಕದಲ್ಲಿ ಒಂದೂವರೆ ಜನ. ಆ ಅರ್ಧ, ವಾರಕ್ಕೆರಡು ದಿನ ಬರುವ ಸಹೋದ್ಯೋಗಿ. ಗಂಟಕ್ಕನ ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆಯಾಗಿದೆ. ಬಲ ಮಣಿಕಟ್ಟಿಗೆ ಸದಾ ಪಟ್ಟಿ. ಹತ್ತೊಂಬತ್ತು ವರ್ಷಗಳಲ್ಲಿ ಬಂದ ಧನ್ಯವಾದದ ಪತ್ರಗಳು ಮೂರು. ಅದರಲ್ಲಿ ಒಂದು ವಿಳಾಸ ತಪ್ಪಿ ಬಂದದ್ದು.

ಕಳೆದ ಎಂಟು ತಿಂಗಳಿಂದ ಅವರು ಕಟ್ಟುತ್ತಿರುವುದು ಊಹೆಯನ್ನೇ ನೆಚ್ಚದ ಹೊಸ ವಿಧಾನ. ತಂತ್ರಾಂಶ ಸಿದ್ಧವಾಗುವಾಗಲೇ ಅದರ ಜೊತೆಗೆ ಒಂದು ಕೋಷ್ಟಕ ಹುಟ್ಟುತ್ತದೆ. ಯಾವ ತುಣುಕು ಯಾವ ಹಂತದಲ್ಲಿ ಎಷ್ಟು ಜಾಗ ಹಿಡಿದಿರುತ್ತದೆ ಎಂಬ ಲೆಕ್ಕ ಅದರಲ್ಲಿದೆ. ಆ ಲೆಕ್ಕ ಹಿಡಿದು ಒಂದು ಚೀಟಿಯಿಂದ ಮುಂದಿನ ಚೀಟಿಗೆ ನೇರವಾಗಿ ಹಾರಿದರೆ, ನಡುವಿನ ಹಳೆಯ ಕಸದ ಗೊಡವೆಯೇ ಇಲ್ಲ. ತೊಡಕು ಒಂದೇ ಕಡೆ. ಕೆಲಸದ ನಡುವೆ ಫೋನ್ ಬಂದಂತೆ, ಯಂತ್ರದ ಒಳಗೂ ಆಗಾಗ ಅಡ್ಡ ಕರೆ ಬರುತ್ತದೆ. ಆಗ ಅದು ಇದ್ದ ಚೀಟಿಗಳನ್ನು ಅಲ್ಲೇ ಬಿಟ್ಟು ಬೇರೆ ಮೇಜಿಗೆ ಓಡಿ ಹೊಸದಾಗಿ ಚೀಟಿ ಜೋಡಿಸತೊಡಗುತ್ತದೆ. ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ದಾರಿ ತಪ್ಪುವುದುಂಟು. ಹೊಸ ವಿಧಾನ ಇನ್ನೂ ಹೊರಬರದಿರುವುದು ಆ ಕಾರಣಕ್ಕೆ.

ಇಂದು ಕಾಯುವಂತಿಲ್ಲ. ಹನ್ನೊಂದು ಡಂಪ್‌ಗಳನ್ನೂ ಒಂದರ ಹಿಂದೊಂದು ಹೊಸ ವಿಧಾನದ ಬಾಯಿಗೆ ಕೊಡುತ್ತಾರೆ. ಕಿಟಕಿಯಾಚೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿದೆ. ಕೆಳಗಿನ ಬೀದಿಯಲ್ಲಿ ಕಸದ ಗಾಡಿಯ ಸದ್ದು. ಒಂಬತ್ತು ಪಟ್ಟಿಗಳು ಬುಡದವರೆಗೆ ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಎರಡು ಅರ್ಧಕ್ಕೇ ನಿಂತು, 'ಇಲ್ಲಿಂದ ಮುಂದೆ ತಿಳಿಯದು' ಎಂದು ಬರೆಯುತ್ತವೆ. ಒಂಬತ್ತರಲ್ಲೂ ಕಾಣುವುದು ಹೊರಗಿನಿಂದ ತರಿಸಿದ ಡಿಸ್ಕ್ ತಂತ್ರಾಂಶದ ಒಂದು ಗಡಿಯಾರ, ಅಂದರೆ ಗೊತ್ತಾದ ಹೊತ್ತಿಗೆ ತಾನಾಗಿ ಎದ್ದು ಓಡುವ ತುಣುಕು. ಮನೆ ಖಾಲಿ ಮಾಡಿದ ಮೇಲೂ ಅದೇ ಬಾಗಿಲು ತಟ್ಟುವ ಹಾಲಿನವನಂತೆ, ಬಿಟ್ಟುಕೊಟ್ಟ ಜಾಗವನ್ನು ಹೋಗಿ ಮುಟ್ಟಿ ಯಂತ್ರ ಕೆಡವಿದೆ. ಡ್ರೈವರಣ್ಣನ ಹೆಸರು ಒಂದರಲ್ಲೂ ಇಲ್ಲ. ಅವರ ತುಣುಕು ತನ್ನ ಕೆಲಸ ಮುಗಿಸಿ ಮೊದಲೇ ಹೊರಟುಹೋಗಿತ್ತು. ಉಳಿದಿದ್ದದ್ದು ಚೀಟಿ ಮಾತ್ರ.

ಎದ್ದು ಚಹಾ ಮಾಡಿಕೊಳ್ಳಬಹುದಿತ್ತು. ಗಂಟಕ್ಕ ಏಳುವುದಿಲ್ಲ. ಹಳೆಯ ವಿಧಾನ ಬರೆದವರು ದಡ್ಡರಲ್ಲ. ಅನುಮಾನವಿರುವ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಡಬೇಕೆಂಬ ನಿಯಮ ಅದರಲ್ಲೇ ಇದೆ. ಒಳಗಿಳಿದು ನೋಡಿದರೆ, ಸಾಧನ ಡ್ರೈವರಣ್ಣನ ಹೆಸರಿನ ಮುಂದೆ ಆ ಚಿಹ್ನೆ ಇಟ್ಟೂ ಇದೆ. ಆದರೆ ಡ್ರೈವರಣ್ಣ ಕೊಟ್ಟುಹೋದ ಕಾಗದದಲ್ಲಿ ಚಿಹ್ನೆಯಿಲ್ಲ. ಅಚ್ಚಾಗುವ ಮೊದಲು ಯಾರೋ ಅಳಿಸುತ್ತಿದ್ದಾರೆ. 'ಇರಬಹುದೇ?' ಎಂದದ್ದು 'ಇವನೇ' ಎಂದಾದದ್ದು ಅಲ್ಲಿ.

ಸಾಧನದಲ್ಲಿ ಯಾರು ಏನು ಮುಟ್ಟಿದರೂ ದಿನಾಂಕ, ಕಾರಣ, ಸಹಿಯೊಂದಿಗೆ ದಾಖಲಾಗುತ್ತದೆ. ಗಂಟಕ್ಕ ಹುಡುಕುತ್ತಾರೆ. ಒಂದು ಸಾಲು ಸಿಗುತ್ತದೆ. ಓದುತ್ತಾರೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದುತ್ತಾರೆ. ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಗಂಡ ಆಕಳಿಸುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಸಿಕ್ಕಿದನಾ ಕಳ್ಳ?"

"ಸಿಕ್ಕಿತು."

"ಯಾರಂತೆ?"

"ಹತ್ತು ಗಂಟೆಗೆ ಹೇಳ್ತೀನಿ."

"ನನಗೂ ಹತ್ತು ಗಂಟೆಗೇನಾ? ಭಲೇ!"

ಕಚೇರಿಗೆ ಹೋಗುವ ದಾರಿಯಲ್ಲಿ ಡ್ರೈವರಣ್ಣ ಜೊತೆಯಾಗುತ್ತಾರೆ. ಈಗ ಎರಡೂ ಚಪ್ಪಲಿ ಅವರವೇ. ತಮ್ಮ ತುಣುಕು ನಿರಪರಾಧಿ ಎಂದು ಗಂಟಕ್ಕನಿಂದ ತಿಳಿದ ಮೇಲೆ, "ಇಪ್ಪತ್ತು ದಿನ ನಿದ್ದೆ ಇಲ್ಲ, ಗಂಟಕ್ಕ. ಮನೇಲಿ ಹೇಳೂ ಇರಲಿಲ್ಲ," ಎನ್ನುತ್ತಾರೆ. ಗಂಟಕ್ಕ ನಡಿಗೆ ಚುರುಕುಗೊಳಿಸುತ್ತಾರೆ. ಬದುಕಿನಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ಅವರು ಹೇಳುವುದು ಇಷ್ಟೇ: "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಸಾಧನ ಮಾಡಿಟ್ಟು ಹೋಗ್ಬೇಕು. ಆ ಎರಡು ಪಟ್ಟಿ ಅರ್ಧಕ್ಕೆ ನಿಂತವಲ್ಲ, ಉಳಿದ ಒಂಬತ್ತಕ್ಕಿಂತ ನನಗೆ ಅವುಗಳ ಮೇಲೇ ಹೆಮ್ಮೆ."

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಏಳು ಕುರ್ಚಿ, ಗೋಡೆಯ ಮೇಲೆ ಪರದೆ. ಒಂಬತ್ತು ಪಟ್ಟಿಗಳನ್ನು ತೋರಿಸಿ, ಅಳಿಸಿಹೋದ ಚಿಹ್ನೆಯ ವಿಷಯವನ್ನೂ ಹೇಳಿ ಮುಗಿಸಲು ಗಂಟಕ್ಕನಿಗೆ ಹತ್ತು ನಿಮಿಷ ಸಾಕಾಗುತ್ತದೆ. ವಿಭಾಗದ ಮುಖ್ಯಸ್ಥೆ ಡ್ರೈವರಣ್ಣನತ್ತ ತಿರುಗಿ, "ನಿಮ್ಮನ್ನ ಕ್ಷಮೆ ಕೇಳ್ಬೇಕು," ಎನ್ನುತ್ತಾರೆ. ಆಮೇಲೆ ದನಿ ಬದಲಾಗುತ್ತದೆ. "ಆದ್ರೆ ಇಷ್ಟು ದಿನ ಈ ಮನುಷ್ಯನ ತಲೆ ಮೇಲೆ ಗೂಬೆ ಕೂರಿಸಿದ್ದು ಯಾರು? ಆ ಚಿಹ್ನೆ ಅಳಿಸಿದ್ದು ಯಾರು? ನನಗೆ ಹೆಸರು ಬೇಕು."

ಆ ದಾಖಲೆಯನ್ನು ಎಲ್ಲಿ ಹುಡುಕಬೇಕೆಂದು ಬಲ್ಲವರು ಕೋಣೆಯಲ್ಲಿ ಒಬ್ಬರೇ. ಅವರು ಗೊತ್ತಿಲ್ಲ ಎಂದರೂ ಉಳಿದವರು ನಂಬಿಬಿಡುತ್ತಾರೆ. ಮಣಿಕಟ್ಟಿನ ಪಟ್ಟಿ ಸರಿಪಡಿಸಿಕೊಂಡು ಗಂಟಕ್ಕ ಒಂದು ಗುಂಡಿ ಒತ್ತುತ್ತಾರೆ. ಒಂಬತ್ತು ವರ್ಷ ಹಿಂದಿನ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ:

'ಪಟ್ಟಿ ಅಚ್ಚುಕಟ್ಟಾಗಿ ಕಾಣಲೆಂದು ಬೇಡದ ಪ್ರಶ್ನಾರ್ಥಕ ಚಿಹ್ನೆಗಳನ್ನು ತೆಗೆಯಲಾಗಿದೆ. ತಿದ್ದಿದವರು: ಗಂಟಕ್ಕ.'