ಮುಖ ತಿದ್ದುವವನ ಮಚ್ಚೆ

ಫೋಟೋ ಸ್ಟುಡಿಯೋದ ಯಜಮಾನ ಬದುಕಿಡೀ ಊರಿನ ಮುಖಗಳನ್ನು ತಿದ್ದಿದವನು. ಅವನ ಕಂಪ್ಯೂಟರಿಗೆ ಬಿದ್ದ ಮದುಮಗಳಿಗೆ ಮೊಡವೆ ಇರುತ್ತಿರಲಿಲ್ಲ, ಮದುಮಗನಿಗೆ ಬೋಳುತಲೆ ಇರುತ್ತಿರಲಿಲ್ಲ. ಸತ್ತ ತಾತಂದಿರಿಗೂ ಕೆನ್ನೆ ತುಂಬಿಕೊಳ್ಳುತ್ತಿತ್ತು. ಇದನ್ನವನು ಕಲೆ ಎನ್ನುತ್ತಿದ್ದ. ಜನ ಆ ಸುಳ್ಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು.

ಅವನ ಕಿವಿಯ ಮುಂದೆ ಒಂದು ಮಚ್ಚೆ ಎದ್ದಿತ್ತು. ಹುಟ್ಟಿನದಲ್ಲ. ಅಂಚು ಒಡೆದು ಹರಡುತ್ತಿತ್ತು. ನಡುವೆ ಇದ್ದಿಲಿನಂತೆ ಕಪ್ಪು.

"ಅದೃಷ್ಟದ ಮಚ್ಚೆ ಅಂತ ಸಾಕ್ತಾ ಇದ್ದೀರಾ? ಕ್ಯಾನ್ಸರ್ ಆಗಿದ್ರೆ? ಡಾಕ್ಟರಿಗೆ ತೋರಿಸ್ರೀ" ಎಂದಳು ಹೆಂಡತಿ.

"ಆಸ್ಪತ್ರೆ ಬಾಗಿಲು ಕಾಯೋ ಕಾಲ ಹೋಯ್ತು ಕಣೇ. ಫೋಟೋ ಕಳಿಸಿದ್ರೆ ಚರ್ಮದ ಡಾಕ್ಟರು ಫೋನಲ್ಲೇ ನೋಡಿ ಹೇಳ್ತಾರೆ."

ಕಳಿಸಿದ. ಹೆದರುವಂಥದ್ದೇನೂ ಕಾಣುತ್ತಿಲ್ಲ ಎಂದು ಉತ್ತರ ಬಂತು. ಅದನ್ನು ತಿಂಗಳುಗಟ್ಟಲೆ ಹೆಂಡತಿಯ ಮುಖದ ಮುಂದೆ ಹಿಡಿದ. ಮಚ್ಚೆ ಬದಲಾದರೆ ಖುದ್ದಾಗಿ ಬರಬೇಕೆಂಬ ಕೊನೆಯ ಸಾಲನ್ನು ಮಾತ್ರ ಅವಳಿಗೆ ಓದಿ ಹೇಳಲಿಲ್ಲ. ಅಭ್ಯಾಸಬಲ; ಅದನ್ನೂ ತಿದ್ದಿಬಿಟ್ಟ.

ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಮಚ್ಚೆಯಿಂದ ರಕ್ತ ಇಳಿಯಿತು. ಹೆಂಡತಿ ಅಂಗಡಿಗೆ ಬೀಗ ಜಡಿದು ಅವನನ್ನು ಫೋಟೋ ನೋಡಿ ಉತ್ತರಿಸಿದ್ದ ಅದೇ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಡಾಕ್ಟರಮ್ಮ ದೀಪವಿದ್ದ ಪುಟ್ಟ ಮಸೂರವನ್ನು ಮಚ್ಚೆಯ ಮೇಲೆ ಒತ್ತಿದರು. ಚರ್ಮದೊಳಗಿನ ಕಪ್ಪು, ನೀಲಿ, ಬಿಳಿ ಎಲ್ಲವೂ ಪರದೆಯ ಮೇಲೆ ಹರಡಿಕೊಂಡವು. ಅವರು ಅವನು ಕಳಿಸಿದ್ದ ಹಳೆಯ ಫೋಟೋ ತೆರೆದರು. ಅಲ್ಲಿದ್ದದ್ದು ಎಳ್ಳಿನಷ್ಟು ಕಂದು ಚುಕ್ಕೆ.

"ಇದು ಯಾರ ಕೆನ್ನೆ?"

"ನಂದೇ ಮೇಡಂ. ಸ್ವಲ್ಪ ಟಚಪ್ ಮಾಡಿದ್ದೆ. ಅಷ್ಟು ವಿಕಾರವಾಗಿ ಹೇಗೆ ಕಳಿಸೋದು?"

"ಹೊಟ್ಟೆನೋವು ಅಂತ ಹೋಗಿ ಪಕ್ಕದ ಮನೆಯವನ ಹೊಟ್ಟೆ ತೋರಿಸಿ ಬಂದ್ರಾ?" ಎಂದಳು ಹೆಂಡತಿ.

ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ. ಆಳಕ್ಕೆ ಇಳಿದಿರಲಿಲ್ಲ, ಅದು ರೋಗದ ಔದಾರ್ಯ, ಅವನ ಜಾಣತನವಲ್ಲ. ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ಹೊಲಿದರು. ದೂರದಿಂದಲೇ ರೋಗ ಗುರುತಿಸುವಷ್ಟು ವಿಜ್ಞಾನ ಬೆಳೆದಿದೆ, ನಿಜ. ರೋಗಿಯೇ ರೋಗವನ್ನು ಅಳಿಸಿ ಕಳಿಸಿದರೆ ಆ ವಿಜ್ಞಾನ ಏನನ್ನು ನೋಡಬೇಕು?

ಗಾಯ ಮಾಯುವ ತನಕ ಫೋಟೋ ಕಳಿಸುತ್ತಿರಬೇಕು, ಅದನ್ನು ಹೆಂಡತಿಯೇ ತೆಗೆಯಬೇಕು ಎಂದರು ಡಾಕ್ಟರಮ್ಮ. ಹಾಗಾಗಿ ಅವನು ತನ್ನದೇ ಸ್ಟುಡಿಯೋದ ಬಿಳಿ ಪರದೆಯ ಮುಂದೆ, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತ.

"ಆ ಲೈಟನ್ನ ಸ್ವಲ್ಪ ಈ ಕಡೆ ತಿರುಗಿಸಿದ್ರೆ ಗಾಯ ಮೃದುವಾಗಿ..."

"ಬಾಯಿ ಮುಚ್ಚಿ. ಕೆನ್ನೆ ತೋರಿಸಿ."